ಕೆಂಪು ಗುಂಡಿಯ ಮರ್ಯಾದೆ

"ಇನ್ನೊಂದು ಸಲ ಒತ್ತಿ ಭಾವ," ಎಂದಳು ಕೊಕ್ಕರೆ.

ಭಾವ ಒತ್ತಿದರು. ಅಂಗೈಯಗಲದ ಕೆಂಪು ಗುಂಡಿ ಟಕ್ಕೆಂದು ಒಳಗೆ ಹೋಯಿತು. ಗಾಜಿನಾಚೆ ರೋಪ್‌ವೇಯ ದೊಡ್ಡ ಚಕ್ರ ಗರಗರ ಸದ್ದು ಮಾಡಿ ನಿಂತೇಬಿಟ್ಟಿತು. ತಂತಿಗೆ ಜೋತುಬಿದ್ದಿದ್ದ ಖಾಲಿ ತೊಟ್ಟಿಲುಗಳು ಒಂದೆರಡು ಸಲ ತೂಗಾಡಿ ಸುಮ್ಮನಾದವು.

"ಮತ್ತೆ ನಿಂತಿತು ನೋಡಿ," ಎಂದರು ಗೋಡೆಗೆ ಒರಗಿದ್ದ ಮ್ಯಾನೇಜರ್. "ಬೆಳಗ್ಗೆಯಿಂದ ಒತ್ತಿದ್ದೇ ಒತ್ತಿದ್ದು. ಒತ್ತಿದಾಗೆಲ್ಲ ನಿಂತಿದೆ. ಗುಂಡಿ ಸರಿಯಾಗೇ ಇದೆ ಮೇಡಂ. ಅವತ್ತು ಒತ್ತಬೇಕಾದ ಕೈ ನಿದ್ದೆ ಮಾಡ್ತಾ ಇತ್ತು, ಅಷ್ಟೇ."

ಭಾವನ ಮುಖ ಸಪ್ಪಗಾಯಿತು.

ಹೋದ ವಾರ ಇದೇ ಚಕ್ರಕ್ಕೆ ಮೆಕ್ಯಾನಿಕ್ ಗ್ರೀಸಪ್ಪನ ತೋಳು ಸಿಕ್ಕಿಕೊಂಡಿತ್ತು. ಕಂಡ ಕೂಡಲೇ ಗುಂಡಿ ಒತ್ತಿದೆ, ಚಕ್ರ ನಿಲ್ಲಲಿಲ್ಲ ಎಂದು ಆಪರೇಟರ್ ಆಗಿದ್ದ ಭಾವ, ಒತ್ತಲೇ ಇಲ್ಲ ಎಂದು ಕಂಪನಿ. ಯಾರ ಮಾತು ನಿಜ ಎಂದು ಹೇಳಬಹುದಾಗಿದ್ದ ಗ್ರೀಸಪ್ಪ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದ. ಸಂಜೆಗೆ ಇನ್ಸ್‌ಪೆಕ್ಟರ್ ಬರುವವರಿದ್ದರು. ಬಂದರೆ ಭಾವನನ್ನು ಕರೆದುಕೊಂಡೇ ಹೋಗುತ್ತಾರೆ ಎಂಬುದು ಕ್ಯಾಂಟೀನಿನವರಿಗೂ ಗೊತ್ತಿತ್ತು.

ಜೈಲಾದರೆ ಆಗಲಿ ಬಿಡು ಅನ್ನುತ್ತಿದ್ದರು ಭಾವ. ಅವರಿಗೆ ತಡೆಯಲಾಗದ್ದು ಬೇರೆ. ಗ್ರೀಸಪ್ಪನ ಹೆಂಡತಿ ಆಸ್ಪತ್ರೆಯ ಬಾಗಿಲಲ್ಲಿ ಅವರನ್ನು ತಡೆದು, "ಅವರು ಕೂಗಿದ್ದು ನಿಮಗೆ ಕೇಳಿಸಲೇ ಇಲ್ವಾ ಅಣ್ಣ?" ಎಂದು ಕೇಳಿದ್ದಳು. ಅಂದಿನಿಂದ ಭಾವ ಊಟವನ್ನೇ ಬಿಟ್ಟಿದ್ದರು. ಆಕೆ ನಂಬಿದರೆ ಸಾಕು, ಮಿಕ್ಕವರು ಏನಾದರೂ ಅಂದುಕೊಳ್ಳಲಿ ಎಂದು ಅವರು ನಾದಿನಿಯ ಮುಂದೆ ಅತ್ತಿದ್ದರು.

ಆ ನಾದಿನಿಯೇ ಕೊಕ್ಕರೆ. ಅದು ಅವಳಿಗೆ ಶಾಲೆಯಲ್ಲಿ ಬಿದ್ದ ಹೆಸರು. ಉದ್ದ ಕಾಲು, ಉದ್ದ ಕತ್ತು, ಮೀನು ಬರುವವರೆಗೂ ಅಲುಗಾಡದೆ ನಿಲ್ಲುವ ತಾಳ್ಮೆ. ಇಂಥ ಯಂತ್ರಗಳಿಗೆ ಬುದ್ಧಿ ತುಂಬುವ ಕೆಲಸವನ್ನು ಅವಳು ಹಿಂದೆ ಮಾಡಿದ್ದಳು. ಈಗ ಯಂತ್ರ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳುವ ಕಡೆಗೆಲ್ಲ ಅವಳನ್ನು ಕರೆಸುತ್ತಿದ್ದರು. ಸಾಮಾನ್ಯವಾಗಿ ಸುಳ್ಳು ಹೇಳುತ್ತಿದ್ದದ್ದು ಮನುಷ್ಯನೇ. ಈ ಸಲ ಹಾಗಿರಲಾರದು ಎಂದು ಅವಳಿಗೆ ಮೊದಲೇ ಖಾತ್ರಿಯಿತ್ತು. ಭಾವ ಎಂದರೆ ಅಕ್ಕನ ಹೊಸ ಸೀರೆ ಹೇಗಿದೆ ಎಂದು ಕೇಳಿದರೂ ನಿಜ ಹೇಳಿ ಬೈಸಿಕೊಳ್ಳುವ ಆಸಾಮಿ.

"ಫೋಟೋ ಆನ್ ಮಾಡಿಸಿ," ಎಂದಳು ಕೊಕ್ಕರೆ.

"ಯಾಕೆ? ಲೈನೇ ಬಂದ್ ಆಗಿದೆ. ಜನ ಎಲ್ಲಿದ್ದಾರೆ?" ಎಂದರು ಮ್ಯಾನೇಜರ್.

"ಟಿಕೆಟ್ ಕೌಂಟರಿನೋರು, ಕ್ಯಾಂಟೀನಿನೋರು, ತೋಟದೋರು, ಎಲ್ಲರೂ ಬರಲಿ. ಕ್ಯಾಮೆರಾ ಮುಂದೆ ಗುಂಪಾಗಿ ಓಡಾಡ್ಲಿ. ಸ್ವಲ್ಪ ಹಲ್ಲೂ ಕಿರೀಲಿ."

ಈ ಫೋಟೋ ಮ್ಯಾನೇಜರ್ ತಲೆಯಿಂದ ಹುಟ್ಟಿದ ಉಪಾಯ. ತೊಟ್ಟಿಲು ಹತ್ತುವವರನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದು, ಒಂದೊಂದು ಮುಖವನ್ನೂ ಬೇರೆ ಮಾಡಿ, ಹಿಂದೆ ಬೆಟ್ಟ ಅಂಟಿಸಿ, ಇಳಿಯುವಷ್ಟರಲ್ಲಿ ಚೌಕಟ್ಟು ಹಾಕಿ ಮಾರುವುದು. ಅದಕ್ಕೊಂದು ಬೇರೆ ಕಂಪ್ಯೂಟರ್ ಯಾಕೆ ದಂಡ ಎಂದು ಚಕ್ರ ನಡೆಸುವ ಹೊಸ ಕಂಪ್ಯೂಟರಿಗೇ ಅದನ್ನೂ ತುರುಕಿದ್ದರು. ಕೆಂಪು ಗುಂಡಿಯ ತಂತಿ ಹಿಂದೆ ನೇರವಾಗಿ ಬ್ರೇಕಿಗೇ ಹೋಗುತ್ತಿತ್ತು. ಚಕ್ರ ಜಗ್ಗಿ ನಿಂತರೆ ಜನ ಬೈಯುತ್ತಾರೆಂದು, ನಯವಾಗಿ ನಿಲ್ಲಲೆಂದು, ಅದನ್ನೂ ಕಂಪ್ಯೂಟರಿನ ಮೂಲಕವೇ ಸುತ್ತಿಸಿದ್ದರು. ಅಂದರೆ ಗುಂಡಿ ಒತ್ತಿದರೆ ಮೊದಲು ಕಂಪ್ಯೂಟರಿಗೆ ಕೇಳಿಸಬೇಕು, ಅದು ಮನಸ್ಸು ಮಾಡಿದರೆ ಆಮೇಲೆ ಚಕ್ರ ನಿಲ್ಲಬೇಕು.

ಸಿಬ್ಬಂದಿಯೆಲ್ಲ ಬಂದರು. ಕ್ಯಾಮೆರಾ ಕಂಡ ಮೇಲೆ ಕೇಳಬೇಕೆ, ಅಡುಗೆಯವರು ತಲೆ ಬಾಚಿಕೊಂಡೇ ಬಂದಿದ್ದರು. ಮ್ಯಾನೇಜರ್ ಗೋಡೆಯ ಸ್ವಿಚ್ಚುಗಳನ್ನು ಹಾಕಿದರು, ಚಕ್ರ ತಿರುಗತೊಡಗಿತು. ಕಟಕಟ ಎಂದು ಫೋಟೋಗಳು ಬೀಳತೊಡಗಿದವು.

"ಈಗ ಒತ್ತಿ ಭಾವ."

ಟಕ್.

ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಒಂದು ತೊಟ್ಟಿಲು ಬಂತು, ಸುತ್ತು ಹಾಕಿತು, ಹೊರಟುಹೋಯಿತು. ಇನ್ನೊಂದರ ಮೂತಿ ಕಂಡಿತು. ಕ್ಯಾಮೆರಾ ಮುಂದಿದ್ದವರ ನಗು ಒಬ್ಬೊಬ್ಬರದಾಗಿ ಮಾಯವಾಯಿತು. ಎರಡನೆಯ ತೊಟ್ಟಿಲೂ ದಾಟಿದ ಮೇಲೆ, ಯಾರೋ ಈಗಷ್ಟೇ ಎಬ್ಬಿಸಿದವರಂತೆ ಚಕ್ರ ನಿಂತಿತು.

ಭಾವ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು. "ಒತ್ತಿದ್ದೆ ಕಣಮ್ಮ," ಎಂದರು. "ಒತ್ತೇ ಒತ್ತಿದ್ದೆ. ಆಮೇಲಾಮೇಲೆ ನನಗೇ ಅನುಮಾನ ಬಂದಿತ್ತು, ಒತ್ತಿದ್ನೋ ಇಲ್ವೋ ಅಂತ."

"ಒತ್ತಿದ್ರಿ," ಎಂದಳು ಕೊಕ್ಕರೆ. ಅವಳಿಗೆ ತುಂಬ ಸಂತೋಷವಾಗಿತ್ತು, ಆದರೆ ಕೆಲಸ ಮುಗಿದಿರಲಿಲ್ಲ.

ಮ್ಯಾನೇಜರ್ ಅಷ್ಟು ಸುಲಭಕ್ಕೆ ಬಿಡುವ ಪೈಕಿಯೇ? ಗೋಡೆ ಬಿಟ್ಟು ಮುಂದೆ ಬಂದರು. "ಫೋಟೋ ಮೇಲೆ ಹಾಕ್ಬೇಡಿ ಮೇಡಂ. ಈ ಕಂಪ್ಯೂಟರಿಗೆ ನಾಲ್ಕು ಕೋರ್ ಇದೆ. ನಾಲ್ಕು ತಲೆ ಇದ್ದ ಹಾಗೆ ಅಂತ ಮಾರಿದೋನು ಹೇಳಿದಾನೆ. ಫೋಟೋಗೆ ಒಂದು ತಲೆ ಸಾಕು. ಗುಂಡಿ ನೋಡ್ಕೊಳ್ಳಕ್ಕೆ ಇನ್ನೂ ಮೂರು ಇವೆ."

"ಮಾರಿದೋನು ನಿಜಾನೇ ಹೇಳಿದಾನೆ. ಅದಕ್ಕೇ ನನಗೂ ಆಶ್ಚರ್ಯ. ಬನ್ನಿ, ಒಳಗೆ ಏನು ಬೇಯ್ತಾ ಇದೆ ನೋಡೋಣ."

ಅವಳು ತನ್ನ ಲ್ಯಾಪ್‌ಟಾಪನ್ನು ಕಂಪ್ಯೂಟರಿಗೆ ಜೋಡಿಸಿದಳು. ಪರದೆಯ ಮೇಲೆ ಹಸಿರು ಪಟ್ಟಿಗಳು ಮೂಡಿದವು. ಮೇಲೆ ದಪ್ಪ ಅಕ್ಷರದಲ್ಲಿ 'ಅಡುಗೆಮನೆ' ಎಂದಿತ್ತು.

ನೋಡಿದ ಕೂಡಲೇ ಅವಳಿಗೆ ನಗು ಬಂತು. ಇದನ್ನು ಬರೆದವರು ಮೇಷ್ಟ್ರು. ರೋಪ್‌ವೇ ನಡೆಸುವ ಪ್ರೋಗ್ರಾಮು ಪೂರ್ತಿ ಅವರದೇ. ಕೊಕ್ಕರೆಗೆ ಈ ವಿದ್ಯೆ ಕಲಿಸಿದವರೂ ಅವರೇ. ಇಂಗ್ಲಿಷ್ ಹೆಸರುಗಳು ಬಾಯಿಪಾಠವಾಗುತ್ತವೆ, ತಲೆಗೆ ಹೋಗುವುದಿಲ್ಲ ಎಂದು ಎಲ್ಲಕ್ಕೂ ಅಡುಗೆಮನೆಯ ಹೆಸರಿಟ್ಟವರು ಅವರು. ಕೋರ್ ಎಂದರೆ ಒಲೆ. ಕೆಲಸಗಳೆಲ್ಲ ಪಾತ್ರೆಗಳು. ಯಾವ ಪಾತ್ರೆ ಯಾವ ಒಲೆಯ ಮೇಲೆ, ಎಷ್ಟು ಹೊತ್ತು ಎಂದು ನಿರ್ಧರಿಸುವ ವ್ಯವಸ್ಥೆಗೆ 'ಅತ್ತೆ' ಎಂದು ಹೆಸರು. ಮೆಮೊರಿ ಎಂದರೆ ಅಡುಗೆ ಕಟ್ಟೆ. ಕಟ್ಟೆ ತುಂಬಿದರೆ ಅಪರೂಪಕ್ಕೆ ಬೇಕಾಗುವ ಪಾತ್ರೆಯನ್ನು ಅಟ್ಟಕ್ಕೆ ಎಸೆಯುತ್ತಾರೆ. ಬೇಕೆಂದಾಗ ಏಣಿ ಹಾಕಿ ಇಳಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ.

"ಗುಂಡಿಗೆ ಕಿವಿಗೊಟ್ಟು ಕೂತಿರೋ ಕೆಲಸಕ್ಕೆ 'ಕಾವಲು' ಅಂತ ಹೆಸರು," ಎಂದು ತೋರಿಸಿದಳು ಕೊಕ್ಕರೆ. "ಫೋಟೋ ಶುರುವಾದ್ರೆ ಕಟ್ಟೆ ತುಂಬ್ಕೊಳ್ಳುತ್ತೆ, ಸುಮ್ನೆ ಕೂತಿರೋ ಕಾವಲನ್ನ ಎತ್ತಿ ಅಟ್ಟಕ್ಕೆ ಹಾಕ್ತಾರೆ. ಅದು ನಿಮ್ಮ ಜಿಪುಣತನದ ಫಲ. ಆದ್ರೆ ಅಷ್ಟೇ ಆಗಿದ್ರೆ ಇಷ್ಟು ತಡ ಆಗ್ತಿರ್ಲಿಲ್ಲ. ಇಲ್ನೋಡಿ, ಮೂರು ಒಲೆ ಖಾಲಿ ಉರೀತಾ ಇವೆ. ನಾಲ್ಕನೇದರ ಮೇಲೆ ಫೋಟೋ. ಕಾವಲನ್ನೂ ಅದೇ ನಾಲ್ಕನೇದಕ್ಕೆ ಕಟ್ಟಿಹಾಕಿದ್ದಾರೆ. ಪಕ್ಕದ ಒಲೆ ಖಾಲಿ ಇದ್ರೂ ಅತ್ತೆ ಅದನ್ನ ಆಕಡೆ ಸರಿಸೋ ಹಾಗಿಲ್ಲ."

"ಯಾರು ಕಟ್ಟಿದ್ದು?"

"ಅದಕ್ಕೆ ಬರ್ತೀನಿ. ಇನ್ನೊಂದು ನೋಡಿ. ಮರ್ಯಾದೆ."

ಕಾವಲಿನ ಸಾಲಿನಲ್ಲಿ 'ಮರ್ಯಾದೆ' ಎಂಬುದರ ಕೆಳಗೆ ಹತ್ತೊಂಬತ್ತು ಎಂದಿತ್ತು. ಫೋಟೋದ ಮರ್ಯಾದೆ ಸೊನ್ನೆ.

"ಹತ್ತೊಂಬತ್ತೇ ಎಲ್ಲಕ್ಕಿಂತ ಜಾಸ್ತಿ," ಎಂದು ಮ್ಯಾನೇಜರ್ ಗೆದ್ದವರಂತೆ ನೋಡಿದರು. "ನೋಡಿ, ಗುಂಡಿಗೇ ಹೆಚ್ಚು ಮರ್ಯಾದೆ ಇದೆ. ಇನ್ನೇನು ಬೇಕು?"

ಕೊಕ್ಕರೆ ಒಂದು ಕ್ಷಣ ಅವರನ್ನೇ ನೋಡಿದಳು. ಮೀನು ಕಂಡಿತ್ತು.

"ನೀವೂ ಹಾಗೇ ಅಂದ್ಕೊಂಡ್ರಲ್ಲ, ಒಳ್ಳೇದಾಯ್ತು," ಎಂದಳು. "ಇದು ಸಿಗೋ ಮರ್ಯಾದೆ ಅಲ್ಲ ಸಾರ್, ಕೊಡೋ ಮರ್ಯಾದೆ. ಅಂಕಿ ದೊಡ್ಡದಾದಷ್ಟೂ ಆ ಪಾತ್ರೆ ಸಾಧು. 'ನೀವು ಮೊದಲು, ಪರವಾಗಿಲ್ಲ, ನೀವು ಮೊದಲು' ಅಂತ ಎಲ್ಲರಿಗೂ ಒಲೆ ಬಿಟ್ಟುಕೊಡುತ್ತೆ. ಬಸ್ ಬಾಗಿಲಲ್ಲಿ ಎಲ್ಲರನ್ನೂ ಹತ್ತಿಸಿ ಕೊನೆಗೆ ತಾನೇ ಬಸ್ ತಪ್ಪಿಸ್ಕೊಳ್ಳೋರು ಇರ್ತಾರಲ್ಲ, ಹಾಗೆ. ಹತ್ತೊಂಬತ್ತು ಅಂದ್ರೆ ಅಂಥೋರಲ್ಲಿ ಮೊದಲನೆಯೋರು."

ಮ್ಯಾನೇಜರ್ ಪರದೆಗೆ ಬಗ್ಗಿ ಆ ಸಾಲನ್ನು ಮತ್ತೆ ಓದಿದರು. ನಂತರ ಮೆಲ್ಲಗೆ ಅವರ ಮುಖದಲ್ಲಿ ಬೆಳಕು ಮೂಡಿತು. ಕೊಕ್ಕರೆಗೆ ಆ ಬೆಳಕು ಹಿಡಿಸಲಿಲ್ಲ.

"ಹಾಗಾದ್ರೆ ಈ ಅಂಕಿ ಬದಲಾಯಿಸಿದೋರು ಯಾರು ಅಂತಾನೂ ಕಂಪ್ಯೂಟರ್ ಹೇಳುತ್ತಲ್ಲ?"

ಹೇಳುತ್ತಿತ್ತು. ಅವಳು ಆಗಲೇ ನೋಡಿದ್ದಳು. ಅಪಘಾತದ ದಿನವೇ ಬೆಳಗ್ಗೆ, ಇದೇ ಮೇಜಿನಿಂದ, ಭಾವನ ಹೆಸರಿನಲ್ಲಿ.

"ಇವರ ಶಿಫ್ಟು. ಇವರ ಪಾಸ್‌ವರ್ಡು. ಇವರ ಕುರ್ಚಿ," ಎಂದು ಮ್ಯಾನೇಜರ್ ಬೆರಳು ಮಡಿಸಿದರು. "ನಿದ್ದೆ ಮಾಡಿದ್ರು ಅಂತ ನಾವು ಅಂದ್ಕೊಂಡಿದ್ವಿ. ಸ್ವಲ್ಪ ದಿನ ಜೈಲು, ಅಲ್ಲಿಗೆ ಮುಗೀತಿತ್ತು. ಗುಂಡಿನೇ ಕೆಡಿಸಿಟ್ಟಿದ್ರು ಅಂತ ನೀವೇ ತೋರಿಸಿಕೊಟ್ರಿ. ಥ್ಯಾಂಕ್ಸ್ ಮೇಡಂ. ಇನ್ಸ್‌ಪೆಕ್ಟರಿಗೆ ಇದನ್ನೇ ಹೇಳಿ."

ಭಾವ ಎದ್ದು ನಿಂತರು. "ನಾನು ಮುಟ್ಟಿಲ್ಲ," ಎಂದರು. "ಆ ಅಡುಗೆಮನೆ ಗಿಡುಗೆಮನೆ ನನಗೆ ಗೊತ್ತೇ ಇಲ್ಲ. ನನ್ನ ಗೆಳೆಯನ ಕೈ ಹೋಗಲಿ ಅಂತ ನಾನ್ಯಾಕೆ ಮಾಡ್ಲಿ?"

"ಕೂತ್ಕೊಳ್ಳಿ ಭಾವ," ಎಂದಳು ಕೊಕ್ಕರೆ. "ಒಂದು ಮಾತು ಹೇಳಿ. ಈ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದ್ದು ಯಾರು?"

"ನಾನೇ. ದಿನಾ ಒರೆಸಿ ಹೊದಿಸ್ತೀನಿ. ಅವತ್ತು ಮಾತ್ರ ಒರೆಸಕ್ಕೆ ಆಗ್ಲಿಲ್ಲ. ಅವನನ್ನ ಆಂಬುಲೆನ್ಸಿಗೆ ಹತ್ತಿಸಿ ಬಂದೆ, ಸುಮ್ನೆ ಬಟ್ಟೆ ಎಳೆದು ಹೋದೆ."

"ಆಮೇಲೆ ಮುಟ್ಟಿದೋರು?"

"ಯಾರೂ ಇಲ್ಲ," ಎಂದರು ಮ್ಯಾನೇಜರ್. "ರೂಮಿಗೆ ಬೀಗ ಹಾಕ್ಸಿದೀನಿ. ಮೇಷ್ಟ್ರು ಒಬ್ಬರೇ ಪರೀಕ್ಷೆಗೆ ಬಂದಿದ್ರು, ಅವರೂ ನಿಮ್ಮ ಹಾಗೆ ಅವರದೇ ಲ್ಯಾಪ್‌ಟಾಪ್ ತಂದಿದ್ರು."

ಕೊಕ್ಕರೆ ಬಟ್ಟೆ ತೆಗೆದಳು.

ಭಾವನ ಕೈಯ ಚೊಕ್ಕತನ ಊರಿಗೇ ಗೊತ್ತು. ಕೀಬೋರ್ಡು ಹೊಸದರಂತೆ ಹೊಳೆಯುತ್ತಿತ್ತು, ಮೂರು ಕಡೆ ಬಿಟ್ಟು. ಒಂದರ ಅಂಕಿಯ ಮೇಲೆ ಕಪ್ಪು ಜಿಡ್ಡು. ಒಂಬತ್ತರ ಮೇಲೆ ಕಪ್ಪು ಜಿಡ್ಡು. ಎಂಟರ್ ಒತ್ತುವ ಗುಂಡಿಯ ಮೇಲೆ ಹೆಬ್ಬೆರಳಿನ ಅಚ್ಚು.

ಮೂವರೂ ಬಗ್ಗಿ ನೋಡಿದರು. ಆ ಜಿಡ್ಡಿನ ವಾಸನೆ ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅದರಿಂದಲೇ ಗ್ರೀಸಪ್ಪನಿಗೆ ಆ ಹೆಸರು ಬಂದಿತ್ತು.

"ಅವನು ಇಲ್ಲಿ ಯಾವಾಗ ಕೂತಿದ್ದ ಭಾವ?"

ಭಾವ ಹಣೆ ಉಜ್ಜಿಕೊಂಡರು. "ಬೆಳಗ್ಗೆ ಟೀ ತರಕ್ಕೆ ನಾನು ಹೋಗಿದ್ದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ ತೆರೆದೇ ಇಟ್ಟಿದ್ದೆ. ಬರೋ ಹೊತ್ತಿಗೆ ನನ್ನ ಕುರ್ಚೀಲಿ ಕೂತಿದ್ದ, ಕಿವೀಲಿ ಫೋನು. ನನ್ನ ನೋಡಿ ಫೋನ್ ಇಟ್ಟ. 'ಏನೋ ಇದು ದರ್ಬಾರು' ಅಂದೆ. ಅದಕ್ಕೆ ಅವನು..."

"ಏನಂದ?"

"'ನಿನ್ನ ಗುಂಡಿಗೆ ಇವತ್ತು ಫುಲ್ ಮರ್ಯಾದೆ ಕೊಡಿಸಿದೀನಿ ಕಣಣ್ಣ. ಇನ್ನು ನಾನು ಧೈರ್ಯವಾಗಿ ಚಕ್ರದ ಹತ್ರ ಹೋಗ್ತೀನಿ' ಅಂದ. ನಾನು ಯಾವಾಗ್ಲೂ ಮಾಡೋ ತಮಾಷೆ ಅಂದ್ಕೊಂಡು ನಕ್ಕೆ. ಅವನ ಬಾಯೇ ಹಾಗೆ."

ಭಾವ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ತನ್ನ ಜೀವ ಉಳಿಯಲಿ ಎಂದು ಗ್ರೀಸಪ್ಪ ಒತ್ತಿದ ಅಂಕಿ ಅವನದೇ ತೋಳನ್ನು ನುಂಗಿತ್ತು. ಪಾಪದ ಮನುಷ್ಯ ಎಂದುಕೊಂಡಳು ಕೊಕ್ಕರೆ. ಕಣ್ಣು ಒದ್ದೆಯಾದದ್ದನ್ನು ಅವಳೇನೂ ಮರೆಮಾಚಲು ಹೋಗಲಿಲ್ಲ. ಮರ್ಯಾದೆ ಎಂಬ ಆ ಒಂದು ಮಾತನ್ನು ಯಾರೇ ಓದಿದರೂ ಹಾಗೆಯೇ ಓದುತ್ತಿದ್ದರು. ಮ್ಯಾನೇಜರೂ ಈಗಷ್ಟೇ ಓದಿದ್ದರು.

"ಸರಿ," ಎಂದರು ಮ್ಯಾನೇಜರ್, ಸ್ವಲ್ಪ ಮೆತ್ತಗಾಗಿ. "ಹಾಗಾದ್ರೆ ನಿಮ್ಮ ಭಾವನ ತಪ್ಪಿಲ್ಲ, ಒಪ್ಪಿದೆ. ಗೊತ್ತಿಲ್ದೆ ಕೈಯಾಡಿಸಿದ್ದು ಅವನೇ, ಪೆಟ್ಟು ತಿಂದಿದ್ದೂ ಅವನೇ. ಇದು ಯಾರ ತಪ್ಪೂ ಅಲ್ಲ. ಇಲ್ಲಿಗೆ ಮುಗಿಸೋಣ."

"ಮುಗೀಲಿಲ್ಲ."

"ಇನ್ನೇನಿದೆ ಮೇಡಂ?"

"ಒಲೆ ಇದೆ." ಕೊಕ್ಕರೆ ಪರದೆಗೆ ಬೆರಳಿಟ್ಟಳು. "ಮರ್ಯಾದೆ ತಪ್ಪಾಗಿ ಏರಿಸ್ಬಹುದು, ಪರದೆ ಮೇಲೇ ಕಾಣುತ್ತೆ. ಆದ್ರೆ ಕಾವಲನ್ನ ಒಂದೇ ಒಲೆಗೆ ಕಟ್ಟೋದು ಈ ಪರದೇಲಿ ಆಗಲ್ಲ. ಅದಕ್ಕೆ ಉದ್ದಕ್ಕೆ ಒಂದು ಸಾಲು ಆಜ್ಞೆ ಟೈಪ್ ಮಾಡ್ಬೇಕು. ಗ್ರೀಸಪ್ಪ ಟೈಪ್ ಮಾಡಿದ್ರೆ ಅರ್ಧ ಕೀಬೋರ್ಡು ಕಪ್ಪಾಗಿರ್ಬೇಕಿತ್ತು. ಆಗಿಲ್ಲ. ಹಾಗಾಗಿ ಇಲ್ಲಿ ಎರಡು ಕೈ ಇವೆ. ಒಂದು ಜಿಡ್ಡಿನ ಕೈ, ಒಂದು ತೊಳೆದ ಕೈ. ಮರ್ಯಾದೆ ಒಂದೇ ಏರಿದ್ರೆ ಅತ್ತೆ ಕಾವಲನ್ನ ಖಾಲಿ ಒಲೆಗೆ ಸರಿಸ್ತಿದ್ಲು, ಏನೂ ಆಗ್ತಿರ್ಲಿಲ್ಲ. ಒಲೆಗೆ ಕಟ್ಟಿದ್ದೊಂದೇ ಆಗಿದ್ರೂ ಫೋಟೋ ಜೊತೆ ಸರದಿ ಸಿಗ್ತಿತ್ತು. ಎರಡೂ ಸೇರಿದ್ರೇನೇ ಗುಂಡಿ ಕಿವುಡಾಗೋದು. ಇದು ಗೊತ್ತಿದ್ದೋರು ಮಾಡಿದ ಕೆಲಸ."

ಅವಳು ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಕಡೆ ಹುಡುಕಿದಳು. ಆ ಆಜ್ಞೆ ಈ ಕೋಣೆಯಿಂದ ಬಂದದ್ದೇ ಅಲ್ಲ. ಹೊರಗಿನಿಂದ ಬಂದಿತ್ತು, ದೂರದಿಂದಲೇ ರಿಪೇರಿ ಮಾಡಲೆಂದು ಇಟ್ಟಿದ್ದ ಲೈನಿನಿಂದ. ಗ್ರೀಸಪ್ಪ ಫೋನ್ ಹಿಡಿದು ಇಲ್ಲಿ ಕೂತಿದ್ದ ಹೊತ್ತಿನಲ್ಲೇ.

"ಈ ರಿಪೇರಿ ಲೈನಿನ ಪಾಸ್‌ವರ್ಡ್ ಯಾರ ಹತ್ರ ಇದೆ?"

"ನನ್ನ ಹತ್ರ ಇಲ್ಲಪ್ಪ," ಎಂದರು ಮ್ಯಾನೇಜರ್ ಗಾಬರಿಯಿಂದ. "ನಮ್ಮವರು ಯಾರ ಹತ್ರಾನೂ ಇಲ್ಲ. ಮಾಡಿಕೊಟ್ಟೋರ ಹತ್ರ ಮಾತ್ರ."

ಮಾಡಿಕೊಟ್ಟವರು.

ಬೆಳಗ್ಗೆಯಿಂದ ಒಂದೇ ಒಂದು ಮಾತಿಗೂ ತಡವರಿಸದ ಕೊಕ್ಕರೆ ಈಗ ನೀರು ಬೇಕೆಂದು ಸನ್ನೆ ಮಾಡಿದಳು. ಕುಡಿದಳು. ಬೇರೆ ಯಾರಾದರೂ ಇರಬಹುದೇ ಎಂದು ಯೋಚಿಸಿದಳು. ಯಾರೂ ಇರಲಿಲ್ಲ.

ಮರ್ಯಾದೆಯ ಅರ್ಥ ತಪ್ಪಾಗುತ್ತದೆ ಎಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಆ ಹೆಸರಿಟ್ಟವರೇ. ಕಲಿಯಲು ಬಂದ ಪ್ರತಿಯೊಬ್ಬರಿಗೂ ಮೊದಲ ಪಾಠವೇ ಅದಾಗಿತ್ತು. ಬಸ್ಸಿನ ಉದಾಹರಣೆಯೂ ಅವರದೇ. ಅವಳು ಈಗಷ್ಟೇ ಹೇಳಿದ್ದು ಅವರ ಮಾತನ್ನೇ. ಆ ಮನುಷ್ಯ ಬಾಯಿತಪ್ಪಿಯೂ ಯಾರಿಗೂ ಹತ್ತೊಂಬತ್ತಕ್ಕೆ ಏರಿಸು ಎಂದು ಹೇಳುವವರಲ್ಲ. ಅವತ್ತು ಫೋನಿನಲ್ಲಿ ಹೇಳಿದ್ದರೆ, ತಪ್ಪು ಈ ಕುರ್ಚಿಯ ಮೇಲೆ ಬೀಳಲೆಂದು ಬೇಕೆಂದೇ ಹೇಳಿರಬೇಕು.

"ಮೇಷ್ಟ್ರು ಪರೀಕ್ಷೆ ಮಾಡಿ ಏನಂದ್ರು ಸಾರ್?"

"ಎಲ್ಲ ಸರಿ ಇದೆ, ಗುಂಡಿ ಒತ್ತಿಲ್ಲ ಅಂದ್ರು. ಅವರ ಮಾತಿನ ಮೇಲೇ ನಾವು ನಿಮ್ಮ ಭಾವನ ಮೇಲೆ ದೂರು ಕೊಟ್ಟಿದ್ದು."

ಒಲೆಯ ಕಟ್ಟನ್ನು ಕೊಕ್ಕರೆ ನೋಡಿದ ಕೂಡಲೇ ಗುರುತಿಸಿದ್ದಳು. ಕಲಿಸಿದವರ ಕಣ್ಣಿಗೆ ಅದು ಕಾಣಲಿಲ್ಲವೆಂದರೆ ನಂಬುವವರು ಯಾರು?

"ಅವರಿಗೆ ನಿಮ್ಮ ಮೇಲೆ ಏನಾದ್ರೂ ಕೋಪ ಇತ್ತಾ?"

"ಕೋಪ ಏನಿಲ್ಲ. ಫೋಟೋ ಹಾಕ್ಬೇಡಿ, ಈ ಕಂಪ್ಯೂಟರಿಗೆ ಕೈ ಹಚ್ಬೇಡಿ ಅಂತ ಕೂಗಾಡಿದ್ರು. ನಾನು ಕಾಲ ಬದಲಾಗಿದೆ ಮೇಷ್ಟ್ರೇ ಅಂದೆ. 'ಒಂದಿನ ಗೊತ್ತಾಗುತ್ತೆ ನಿಮಗೆ' ಅಂತ ಹೇಳಿ ಹೋದ್ರು." ಹೇಳುತ್ತ ಹೇಳುತ್ತ ಮ್ಯಾನೇಜರ್ ಧ್ವನಿ ಸಣ್ಣಗಾಯಿತು.

ಕೊಕ್ಕರೆ ಕಿಟಕಿಯ ಬಳಿ ಹೋಗಿ ನಿಂತಳು. ಚಕ್ರದ ಕೆಳಗೆ ಗ್ರೀಸಪ್ಪ ಇರುತ್ತಾನೆಂದು ಮೇಷ್ಟ್ರಿಗೆ ಗೊತ್ತಿತ್ತೋ, ಇಲ್ಲವೋ. ಬರೀ ಹೆದರಿಸಲು ಹೊರಟು ಹೀಗಾಯಿತೋ, ಇನ್ನೇನೋ. ಅದನ್ನು ಹೇಳಬಲ್ಲವನು ಒಬ್ಬನೇ, ಫೋನಿನ ಈ ತುದಿಯಲ್ಲಿದ್ದವನು. ಅವನು ಬಾಯಿ ಬಿಟ್ಟರೆ ಭಾವ ತಲೆಯೆತ್ತಿ ಅವನ ಹೆಂಡತಿಯ ಮುಂದೆ ನಿಲ್ಲಬಹುದು. ಬಿಡದಿದ್ದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ನಾದಿನಿಯೊಬ್ಬಳು ಭಾವನಿಗಾಗಿ ಕಟ್ಟಿದ ಕತೆ.

ಅವಳ ಫೋನು ಬಡಿದುಕೊಂಡಿತು. ಅಕ್ಕ. ಮೂರು ದಿನದಿಂದ ಆಸ್ಪತ್ರೆಯಲ್ಲಿ ಗ್ರೀಸಪ್ಪನ ಹೆಂಡತಿಯ ಜೊತೆಗಿದ್ದಳು, ಆಕೆ ಮಾತಾಡಿಸಲಿ ಬಿಡಲಿ.

"ಲೇ, ಕಣ್ಣು ಬಿಟ್ಟ ಕಣೆ," ಎಂದಳು ಅಕ್ಕ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬರುತ್ತಿತ್ತು. "ನಿಮ್ಮ ಭಾವನಿಗೆ ಹೇಳು. ಕಣ್ಣು ಬಿಟ್ಟು ತುಟಿ ಅಲ್ಲಾಡಿಸಿದ. ಏನೋ ಹೇಳಕ್ಕೆ ಒದ್ದಾಡ್ತಾ ಇದಾನೆ."

"ಏನು ಹೇಳ್ತಿದಾನೆ ಅಕ್ಕ?"

"ಸರಿಯಾಗಿ ತಿಳೀತಿಲ್ಲ ಕಣೆ. ಮರ್ಯಾದೆ, ಮರ್ಯಾದೆ ಅಂತಾನೆ. ಅದೇನು ಮರ್ಯಾದೆನೋ ಏನೋ, ಈ ಹೊತ್ತಲ್ಲಿ."

"ಅಕ್ಕ, ನೀನೀಗ ಎಲ್ಲಿದೀಯ? ಅವನ ಪಕ್ಕದಲ್ಲೇ ಇದೀಯ ತಾನೆ?"

"ಇಲ್ಲ, ನಿನಗೆ ಫೋನ್ ಮಾಡಕ್ಕೆ ಕೆಳಗೆ ಬಂದೆ. ಮೇಲೆ ಸಿಗ್ನಲ್ ಸಿಗಲ್ಲ. ಅವನ ಹೆಂಡತಿ ಡಾಕ್ಟರನ್ನ ಹುಡುಕ್ಕೊಂಡು ಹೋದ್ಲು."

"ಹಾಗಾದ್ರೆ ಅವನ ಹತ್ರ ಯಾರಿದ್ದಾರೆ?"

"ಒಬ್ಬನೇ ಏನಿಲ್ಲ, ಗಾಬರಿ ಬೀಳ್ಬೇಡ," ಎಂದಳು ಅಕ್ಕ ನೆಮ್ಮದಿಯಿಂದ. "ನಿಮ್ಮ ಮೇಷ್ಟ್ರು ಬಂದಿದಾರೆ. 'ನೀವಿಬ್ರೂ ಹೋಗಿಬನ್ನಿ ತಾಯಿ, ಅಲ್ಲೀವರೆಗೂ ನಾನು ಬಾಗಿಲು ಹಾಕ್ಕೊಂಡು ಕೂತಿರ್ತೀನಿ' ಅಂತ ಎದ್ದು ನಿಂತು ದಾರಿ ಬಿಟ್ರು. ಎಂಥ ಮರ್ಯಾದಸ್ಥರು ಕಣೆ."